ಪೇಟೆ ಬೀದಿಯಲ್ಲಿ ಕೆಂಪು ಗುರುತು: ನಮ್ಮ ಅಭಿಪ್ರಾಯ ಯಾವ ಕಡತ ಸೇರುತ್ತದೆ?

ಪ್ರಶ್ನೆ: ಸರ್, ಜಿಲ್ಲಾ ಕೇಂದ್ರವೊಂದರ ಹಳೇ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. 11 ಅಡಿ ಅಗಲ, 28 ಅಡಿ ಉದ್ದ. ತಂದೆಯ ಕಾಲದಿಂದ ಬಾಡಿಗೆಗೆ ಇದ್ದೇವೆ. ಈಗ ಸುಮಾರು 10 ಮೀಟರ್ ಇರುವ ರಸ್ತೆಯನ್ನು 18 ಮೀಟರ್ ಮಾಡುತ್ತಾರಂತೆ. ತುದಿಯ ಸರ್ಕಲ್‌ನಲ್ಲಿ ಫ್ಲೈಓವರ್, ಹಳೇ ಬಸ್ ಸ್ಟ್ಯಾಂಡ್ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಕೂಡ ಬರುತ್ತದಂತೆ. ಹೋದ ತಿಂಗಳು ಬಂದವರು ಅಂಗಡಿಯೊಳಗೆ 13 ಅಡಿಗೆ ಕೆಂಪು ಗುರುತು ಹಾಕಿ ಹೋದರು. ಮೊನ್ನೆ ಟೌನ್‌ಹಾಲ್‌ನಲ್ಲಿ ಸಾರ್ವಜನಿಕ ಅಭಿಪ್ರಾಯ ಸಂಗ್ರಹ ಸಭೆ ನಡೆದು ಗಲಾಟೆಯಲ್ಲಿ ಮುಗಿಯಿತು. ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕಿಬಿಟ್ಟಿದ್ದೇನೆ, ಅದನ್ನೇ ಒಪ್ಪಿಗೆ ಅಂದುಬಿಡುತ್ತಾರಾ? ಆಕ್ಷೇಪಣೆ ಸಲ್ಲಿಸಲು 15 ದಿನ ಎಂದು ಪೇಪರಿನಲ್ಲಿ ಬಂದಿದೆ. ವರ್ತಕರ ಸಂಘದವರು 500 ಸಹಿ ಸಂಗ್ರಹಿಸುತ್ತಿದ್ದಾರೆ. ಶೇ 70 ಜನ ಒಪ್ಪದಿದ್ದರೆ ಯೋಜನೆ ನಿಲ್ಲುತ್ತದೆ ಎನ್ನುವವರಿದ್ದಾರೆ, ಮಾಸ್ಟರ್ ಪ್ಲಾನ್‌ನಲ್ಲಿ ಬಂದಮೇಲೆ ಬ್ರಹ್ಮ ಬಂದರೂ ತಪ್ಪದು ಎನ್ನುವವರೂ ಇದ್ದಾರೆ. ಬಾಡಿಗೆದಾರನಿಗೆ ನಯಾಪೈಸೆ ಸಿಗದು ಅಂತ ಮಾಲೀಕರು ಹೇಳುತ್ತಾರೆ. ಅಂಗಡಿ ಮುಂದೆ ಹೂ ಮಾರುವ ಅಜ್ಜಿಯ ಗತಿ ಏನು? ಇನ್ನೊಂದು: ದೀಪಾವಳಿಗೆ ಹೊಸ ಶಟರ್ ಹಾಕಿಸಬೇಕೆಂದಿದ್ದೆ. ಹಾಕಿಸಲೋ ಬೇಡವೋ?

ಉತ್ತರ: ಹಾಜರಿ ಪುಸ್ತಕದ ಸಹಿಗೆ ಹೆದರಬೇಡಿ. ನೀವು ಸಭೆಗೆ ಬಂದಿದ್ದಿರಿ ಎಂಬುದನ್ನಷ್ಟೇ ಅದು ಹೇಳುತ್ತದೆ. ಹೆದರಬೇಕಾದ ಕಾಗದ ಬೇರೆ. ಅಂಗಡಿ ಬಾಗಿಲಿಗೆ ತರುವ ನಮೂನೆಯಲ್ಲಿ ‘ಸ್ವಇಚ್ಛೆಯಿಂದ’, ‘ನನ್ನ ತಕರಾರು ಇರುವುದಿಲ್ಲ’, ‘ಮುಚ್ಚಳಿಕೆ’, ‘ಹಕ್ಕು ಬಿಡುಗಡೆ’ ಇಂಥ ಮಾತು ಕಂಡರೆ ಪೆನ್ನು ಜೇಬಿಗೆ ಹಾಕಿ, ಓದಿ ನೋಡಿ ಕೊಡುತ್ತೇನೆ ಅನ್ನಿ. ಅಳತೆ, ಬಾಡಿಗೆ, ಎಷ್ಟು ವರ್ಷದಿಂದ ಇದ್ದೀರಿ ಎಂದಷ್ಟೇ ಕೇಳಿದ್ದರೆ ಧಾರಾಳವಾಗಿ ತುಂಬಿಕೊಡಿ. ಖಾಲಿ ಉಳಿದ ಸಾಲುಗಳಿಗೆ ಅಡ್ಡಗೆರೆ ಎಳೆದು ಸಹಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ನೀವು ಎಷ್ಟು ವರ್ಷದಿಂದ ಇದ್ದೀರಿ ಎಂಬುದಕ್ಕೆ ಮುಂದೆ ಆ ನಮೂನೆಯೇ ನಿಮ್ಮ ಪರ ಸಾಕ್ಷಿಯಾಗಬಹುದು.

ಶೇ 70ರ ಮಾತು ಅರ್ಧ ಸತ್ಯ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಆ ಅಂಕಿ ಇದೆ, ಆದರೆ ಅದು ಸರ್ಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗೆ ಜಾಗ ವಶಪಡಿಸಿಕೊಳ್ಳುವಾಗ ಮಾತ್ರ. ಖಾಸಗಿ ಕಂಪನಿಗಾದರೆ ಶೇ 80. ನಗರಸಭೆಯೋ ಲೋಕೋಪಯೋಗಿ ಇಲಾಖೆಯೋ ತಾನೇ ಮಾಡುವ ರಸ್ತೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಇದನ್ನು ನಂಬಿಕೊಂಡು ಕೈಕಟ್ಟಿ ಕೂತರೆ ಆಕ್ಷೇಪಣೆಯ ಗಡುವು ಮೀರಿಹೋಗುತ್ತದೆ.

500 ಸಹಿಯ ವಿಷಯ. ಒಂದೇ ಒಕ್ಕಣೆಯ ಕೆಳಗೆ 500 ಸಹಿ ಹಾಕಿ ಕೊಟ್ಟರೆ ಕಚೇರಿಯ ಲೆಕ್ಕದಲ್ಲಿ ಅದು ಒಂದು ಅರ್ಜಿ. ‘ಸಾರ್ವಜನಿಕ ಹಿತದೃಷ್ಟಿಯಿಂದ ಪರಿಗಣಿಸಲು ಸಾಧ್ಯವಿಲ್ಲ’ ಎಂಬ ಒಂದು ಸಾಲಿನಲ್ಲಿ ಅದರ ಕತೆ ಮುಗಿಯುತ್ತದೆ. ಅದೇ ಬೀದಿಯ 40 ಅಂಗಡಿಯವರು ತಮ್ಮ ತಮ್ಮ ಅಳತೆ, ತಮ್ಮ ನಷ್ಟ, ತಮ್ಮ ಪರ್ಯಾಯ ಬರೆದು ಬೇರೆ ಬೇರೆಯಾಗಿ ಕೊಟ್ಟರೆ ಅಧಿಕಾರಿ 40 ಉತ್ತರ ಬರೆಯಬೇಕು. ಉತ್ತರ ಬರೆಯದೆ ಬಿಟ್ಟರೆ ಆ ಬಿಟ್ಟಿದ್ದೇ ನಾಳೆ ಹೈಕೋರ್ಟ್‌ನಲ್ಲಿ ನಿಮಗೆ ಹಿಡಿ ಸಿಕ್ಕಂತೆ. ಸಹಿ ಸಂಗ್ರಹ ಬೇಡ ಅನ್ನುತ್ತಿಲ್ಲ, ಶಾಸಕರಿಗೆ, ಪತ್ರಿಕೆಯವರಿಗೆ ಅದು ಬೇಕು. ಬೆಂಗಳೂರಿನ ಉಕ್ಕಿನ ಸೇತುವೆ ನೆನಪಿರಬಹುದು: ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ, 1,791 ಕೋಟಿ ರೂಪಾಯಿ, 812 ಮರ. 2016ರ ಅಕ್ಟೋಬರಿನಲ್ಲಿ ಜನ ಕೈ ಕೈ ಹಿಡಿದು ಬೀದಿಯಲ್ಲಿ ನಿಂತದ್ದು ಎಲ್ಲರ ಕಣ್ಣಿಗೆ ಬಿತ್ತು. ಅದೇ ತಿಂಗಳು ತಡೆ ಸಿಕ್ಕಿದ್ದು ಮಾತ್ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ ಕಾಗದಗಳಿಂದ. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಅದರ ಹಿಂದೆ ರಾಜಕೀಯವೂ ಇತ್ತು, ಅದು ಬೇರೆ ಮಾತು. (ನಿಮ್ಮ ಸರ್ಕಲ್ ಸುತ್ತ ಮರಗಳಿದ್ದರೆ ಎಣಿಸಿ. 50ಕ್ಕಿಂತ ಹೆಚ್ಚು ಕಡಿಯುವುದಿದ್ದರೆ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿ ಪ್ರತ್ಯೇಕವಾಗಿ ಸಾರ್ವಜನಿಕ ಆಕ್ಷೇಪಣೆ ಕರೆಯಬೇಕು.)

ಇನ್ನು ಮಾಸ್ಟರ್ ಪ್ಲಾನ್. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಕಲಮಿನಂತೆ ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನ ಇರುತ್ತದೆ. ಯಾರು ಬೇಕಾದರೂ ಬರೆದು ಕೊಡಬಹುದು, ಆಗ ಬರೆಯುವವರೇ ಇರುವುದಿಲ್ಲ. ಆ ನಕ್ಷೆಯಲ್ಲಿ ನಿಮ್ಮ ಬೀದಿಯ ಮೇಲೆ ‘18 ಮೀ’ ಎಂದು ಬರೆದಿದ್ದರೆ ಮುಂದೆ ಅಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ಅಷ್ಟು ಜಾಗ ಬಿಡಿಸುತ್ತಾರೆ. ಆದರೆ ನಕ್ಷೆಯ ಮೇಲೆ ಗೆರೆ ಬಿದ್ದ ಮಾತ್ರಕ್ಕೆ ಈಗ ನಿಂತಿರುವ ಕಟ್ಟಡ ಸರ್ಕಾರದ್ದಾಗುವುದಿಲ್ಲ. ಅದಕ್ಕೆ ಜಾಗ ಖರೀದಿಸಬೇಕು, ಇಲ್ಲವೇ ಕಾನೂನಿನಂತೆ ಸ್ವಾಧೀನಪಡಿಸಿಕೊಳ್ಳಬೇಕು.

ನಿಮ್ಮಂಥವರಿಗೆ ಈಗ ತುಂಬ ಉಪಯೋಗದ ತೀರ್ಪು 2024ರ ನವೆಂಬರ್ 6ರದ್ದು. ಉತ್ತರ ಪ್ರದೇಶದ ಮಹಾರಾಜ್‌ಗಂಜ್‌ನಲ್ಲಿ ರಸ್ತೆ ವಿಸ್ತರಣೆಗೆಂದು ಮನೆ ಕೆಡವಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಕ್ರಮ ಹೇಳಿಕೊಟ್ಟಿತು. ಮೊದಲು ದಾಖಲೆ, ನಕ್ಷೆ ನೋಡಿ ರಸ್ತೆಯ ಮೂಲ ಅಗಲ ಎಷ್ಟೆಂದು ಗೊತ್ತುಮಾಡಿಕೊಳ್ಳಬೇಕು. ಆ ದಾಖಲೆಯಂತೆ ಸರ್ವೆ ಮಾಡಿ ಒತ್ತುವರಿ ಇದೆಯೇ ನೋಡಬೇಕು. ಇದ್ದರೆ ಲಿಖಿತ ನೋಟಿಸ್ ಕೊಡಬೇಕು. ಆಕ್ಷೇಪಣೆ ಬಂದರೆ ಕಾರಣ ಸಹಿತ ಆದೇಶ ಬರೆಯಬೇಕು, ತಿರಸ್ಕರಿಸಿದರೂ ತೆರವಿಗೆ ಕಾಲಾವಕಾಶ ಕೊಡಬೇಕು. ಮೂಲ ಅಗಲವೇ ಸಾಲದಿದ್ದರೆ, ಮೊದಲು ಜಾಗ ಸ್ವಾಧೀನ, ಆಮೇಲೆ ರಸ್ತೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ‘ಬೇಕೋ ಬೇಡವೋ’ ಅಲ್ಲ. ‘ದಾಖಲೆಯಂತೆ ಈ ರಸ್ತೆಯ ಮೂಲ ಅಗಲ ಎಷ್ಟು, ಕೆಂಪು ಗುರುತನ್ನು ಎಲ್ಲಿಂದ ಅಳೆದಿರಿ?’

ಅಳತೆಯಲ್ಲಿ ಆಗುವ ತಪ್ಪು ಬಹುತೇಕ ಒಂದೇ ಥರದ್ದು. ಈಗಿರುವ ಡಾಂಬರಿನ ನಡುವನ್ನೇ ರಸ್ತೆಯ ನಡುಗೆರೆ ಎಂದುಕೊಂಡು ಎರಡೂ ಕಡೆ 9 ಮೀಟರ್ ಟೇಪು ಹಿಡಿದುಬಿಡುತ್ತಾರೆ. ಒಂದು ಬದಿಯ ಕಟ್ಟೆ, ಮೆಟ್ಟಿಲು, ಚರಂಡಿ ರಸ್ತೆಗೆ ಬಂದಿದ್ದರೆ ಡಾಂಬರು ಇನ್ನೊಂದು ಬದಿಗೆ ಸರಿದಿರುತ್ತದೆ. ಆಗ ಒತ್ತುವರಿ ಮಾಡದವನ ಅಂಗಡಿಗೆ ಗುರುತು ಹೆಚ್ಚು ಒಳಗೆ ಬೀಳುತ್ತದೆ. ನಗರ ಮಾಪನ ಕಚೇರಿಯಿಂದ ನಿಮ್ಮ ಬ್ಲಾಕಿನ ನಕ್ಷೆ ತೆಗೆಸಿ. ಮೂವತ್ತು ಮೀಟರ್ ಟೇಪು, ಇಬ್ಬರು ಜನ, ಬೆಳಿಗ್ಗೆ ಆರು ಗಂಟೆ ಸಾಕು. ಗೋಡೆಯಿಂದ ಎದುರು ಗೋಡೆಗೆ ಅಳೆಯಿರಿ, ಸೂರಿನಿಂದ ಸೂರಿಗಲ್ಲ. ಪ್ರತಿ ಐದು ಅಂಗಡಿಗೊಮ್ಮೆ ಅಳೆದು ಬರೆದಿಡಿ. ಒಂದೇ ಬೀದಿ ಒಂದು ತುದಿಯಲ್ಲಿ 9.2, ಇನ್ನೊಂದು ತುದಿಯಲ್ಲಿ 11 ಮೀಟರ್ ಇರುವುದು ಹಳೇ ಪೇಟೆಗಳಲ್ಲಿ ಮಾಮೂಲು.

ರಸ್ತೆ ಸಾಲುತ್ತಿಲ್ಲ ಎಂಬ ದೂರು ಸುಳ್ಳೇನಲ್ಲ. ಆದರೆ ಎಷ್ಟು ಸಾಲುತ್ತಿಲ್ಲ, ಏಕೆ ಸಾಲುತ್ತಿಲ್ಲ ಎಂಬುದನ್ನು ನೀವೇ ಎಣಿಸಿ ನೋಡಬಹುದು. ಒಂದು ಸಾಮಾನ್ಯ ದಿನ, ಒಂದು ಸಂತೆ ದಿನ; ಬೆಳಿಗ್ಗೆ 10ರಿಂದ 11, ಸಂಜೆ 6ರಿಂದ 7. ಹದಿನೈದು ನಿಮಿಷಕ್ಕೊಂದು ಹಾಳೆ, ದಿಕ್ಕಿಗೊಬ್ಬರು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 106 ಎಂಬ ಮಾರ್ಗಸೂಚಿ ಪ್ರತಿ ವಾಹನಕ್ಕೂ ಕಾರಿನ ಲೆಕ್ಕದಲ್ಲಿ ಒಂದು ತೂಕ ಕೊಟ್ಟಿದೆ. ಕಾರು 1, ಬೈಕು, ಸ್ಕೂಟರು 0.5ರಿಂದ 0.75, ಆಟೊ 1.2ರಿಂದ 2, ಸಣ್ಣ ಗೂಡ್ಸ್ ಗಾಡಿ 1.4ರಿಂದ 2; ಬಸ್ಸು, ಲಾರಿ 2.2ರಿಂದ 3.7, ತಳ್ಳುಗಾಡಿ 2ರಿಂದ 3. ಆ ಬಗೆಯ ವಾಹನ ಒಟ್ಟಿನಲ್ಲಿ ಶೇ 5ರೊಳಗಿದ್ದರೆ ಕೆಳಗಿನ ಅಂಕಿ, ಶೇ 10 ಮುಟ್ಟಿದರೆ ಮೇಲಿನದು.

ಉದಾಹರಣೆಗೆ ಒಂದು ಗಂಟೆಯಲ್ಲಿ 1,100 ಬೈಕು, 160 ಆಟೊ, 220 ಕಾರು, 30 ಗೂಡ್ಸ್, 10 ಬಸ್ಸು, 10 ತಳ್ಳುಗಾಡಿ ಹೋದವು ಅನ್ನಿ. 825, 320, 220, 42, 22, 20 ಕೂಡಿದರೆ 1,449. ಇದನ್ನು ಯಾವುದಕ್ಕೆ ಹೋಲಿಸಬೇಕು? ಎರಡು ಪಥದ, ಎರಡೂ ದಿಕ್ಕಿನ ಸಂಚಾರದ ರಸ್ತೆಯ ಬದಿಯಲ್ಲಿ ಗಾಡಿ ನಿಂತಿದ್ದು, ಅಡ್ಡ ಓಡಾಟವೂ ಇದ್ದರೆ ಅದೇ ಮಾರ್ಗಸೂಚಿಯಂತೆ ಅದರ ಸಾಮರ್ಥ್ಯ ಗಂಟೆಗೆ 900. ಬದಿಯಲ್ಲಿ ಗಾಡಿ ನಿಲ್ಲದಂತೆ ಮಾಡಿದರೆ 1,200. ಅಂದರೆ ಒಂದು ಇಟ್ಟಿಗೆ ಕೀಳದೆ 300 ಸಿಕ್ಕಿತು. ಅದೇ ಎರಡು ಪಥವನ್ನು ನಿಲುಗಡೆ ಇಲ್ಲದ ಏಕಮುಖ ಮಾಡಿ, ಇನ್ನೊಂದು ದಿಕ್ಕನ್ನು ಹಿಂದಿನ ಬೀದಿಗೆ ತಿರುಗಿಸಿದರೆ 1,900. ನಿಮ್ಮ ಎಣಿಕೆ ಇದರೊಳಗೇ ಬಂದರೆ, 13 ಅಡಿ ಒಡೆಯುವ ಮುಂಚೆ ಇದನ್ನೇಕೆ ಪರೀಕ್ಷಿಸಲಿಲ್ಲ ಎಂದು ಕೇಳಲು ನಿಮಗೆ ಅಂಕಿ ಸಿಕ್ಕಿತು. 1,900 ದಾಟಿದರೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ, ಆಗ ವಿಸ್ತರಣೆಯ ವಾದಕ್ಕೆ ಬಲವಿದೆ. ಇದರಲ್ಲಿ ನಿಮ್ಮವರಿಗೇ ಕಹಿಯಾದ ಮಾತೊಂದಿದೆ. ಪೇಟೆ ಬೀದಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಕದಲದೆ ನಿಲ್ಲುವ ಬೈಕುಗಳಲ್ಲಿ ಗಿರಾಕಿಗಳದ್ದಕ್ಕಿಂತ ಅಂಗಡಿಯವರದ್ದು, ಕೆಲಸದ ಹುಡುಗರದ್ದೇ ಹೆಚ್ಚು. ಪರ್ಯಾಯ ಕೊಡುವ ಮುಂಚೆ ಅವನ್ನು ಎತ್ತಿಸಲು ಸಂಘ ಸಿದ್ಧವಿರಬೇಕು.

ಪಾರ್ಕಿಂಗ್ ಕಟ್ಟಡದ ಹಣೆಬರಹವೂ ಇದಕ್ಕೇ ಗಂಟುಬಿದ್ದಿದೆ. ಬೀದಿಯಲ್ಲಿ ಬಿಟ್ಟಿ ಜಾಗ ಇರುವವರೆಗೆ ದುಡ್ಡು ಕೊಟ್ಟು ಮೂರನೇ ಮಹಡಿ ಹತ್ತುವವರು ಯಾರು? ಬೆಂಗಳೂರಿನ ಫ್ರೀಡಂ ಪಾರ್ಕಿನ ಪಾರ್ಕಿಂಗ್ ಕಟ್ಟಡ, ಟೆಂಡರಿಗೆ ಯಾರೂ ಬಾರದೆ, ಕಟ್ಟಿದ ಮೇಲೂ ವರ್ಷಗಟ್ಟಲೆ ಬೀಗ ಹಾಕಿಕೊಂಡಿತ್ತು, ತೆರೆದದ್ದು 2024ರಲ್ಲಿ.

ಈಗ ಫ್ಲೈಓವರ್, ಇಲ್ಲಿ ನಿಜವಾದ ಎಚ್ಚರ ಬೇಕು. ನಗರದಲ್ಲಿ ಕೆಳಗಿನ ರಸ್ತೆಗೆ 5.5 ಮೀಟರ್ ಎತ್ತರ ಬಿಡಬೇಕು. ತೊಲೆ, ಹಾಸು ಸೇರಿ ಇನ್ನೊಂದು ಎರಡು ಮೀಟರ್. ಹತ್ತುವ ಇಳಿಜಾರು ಮೂವತ್ತಕ್ಕೆ ಒಂದು ಎಂದಿಟ್ಟುಕೊಂಡರೆ 7.5 ಮೀಟರ್ ಏರಲು 225 ಮೀಟರ್ ಉದ್ದ ಬೇಕು, ಸರ್ಕಲ್‌ನ ಒಂದೊಂದು ಕಡೆಗೂ. ಅಗಲ ನೋಡಿ: ಎರಡು ಪಥದ ಮೇಲ್ಸೇತುವೆ, ತಡೆಗೋಡೆ ಸೇರಿ 8.5 ಮೀಟರ್. ಎರಡೂ ಬದಿ ಸರ್ವಿಸ್ ರಸ್ತೆ ತಲಾ 5.5 ಅಂದರೆ 11. ವಾಣಿಜ್ಯ ಬೀದಿಗೆ ಐಆರ್‌ಸಿ ಹೇಳುವ ಫುಟ್‌ಪಾತ್ ತಲಾ 2.5 ಅಂದರೆ 5. ಕೂಡಿದರೆ 24.5 ಮೀಟರ್. ನಿಮಗೆ ಹೇಳಿರುವುದು 18. ಬಾಕಿ ಆರೂವರೆ ಮೀಟರ್ ಎಲ್ಲಿಂದ ಬರುತ್ತದೆ? ಒಂದೋ ಫುಟ್‌ಪಾತ್ ಮಾಯವಾಗಿ ಸರ್ವಿಸ್ ರಸ್ತೆ ಸಂದಿಯಾಗುತ್ತದೆ, ಇಲ್ಲವೇ ಎರಡನೇ ಕಂತಿನ ಕೆಂಪು ಗುರುತು ಬರುತ್ತದೆ. ನಿಮ್ಮ ಅಂಗಡಿ ಆ 225 ಮೀಟರಿನೊಳಗಿದ್ದರೆ ಪ್ರತಿ ಬದಿಗೆ ಇನ್ನೂ ಹತ್ತೂವರೆ ಅಡಿಗಿಂತ ಹೆಚ್ಚು ಹೋಗುತ್ತದೆ. 28 ಅಡಿಯ ಅಂಗಡಿಯಲ್ಲಿ ಉಳಿಯುವುದು ನಾಲ್ಕು ಅಡಿ ಚಿಲ್ಲರೆ.

ಆದ್ದರಿಂದ ಅಭಿಪ್ರಾಯ ಹೇಳುವ ಮುಂಚೆ ‘ಅಡ್ಡಸೀಳು ನಕ್ಷೆ’ ಕೇಳಿ, ಅಧಿಕಾರಿಗಳು ಕ್ರಾಸ್ ಸೆಕ್ಷನ್ ಅನ್ನುವುದು ಅದನ್ನೇ. ಅದರಲ್ಲೂ ತೀರ ಕಿರಿದಾದ ಜಾಗದ್ದು. ಬಣ್ಣಬಣ್ಣದ ಕಂಪ್ಯೂಟರ್ ಚಿತ್ರದಲ್ಲಿ ಎಲ್ಲ ಬೀದಿಯೂ ಅಗಲವೇ. ಹುಬ್ಬಳ್ಳಿ–ಧಾರವಾಡದ 22 ಕಿಲೊಮೀಟರ್ ಚಿಗರಿ ಬಸ್ ಮಾರ್ಗ ಕೆಲವೆಡೆ 44 ಮೀಟರ್, ಕೆಲವೆಡೆ 35 ಮೀಟರ್ ಇದೆ. ನಡುವಿನ ಪಥ ಬಸ್ಸಿಗೆಂದು ಬೇಲಿ ಬಿದ್ದ ಮೇಲೆ ಉಳಿದ ವಾಹನಗಳಿಗೆ ಎಷ್ಟು ಉಳಿಯಿತೆಂಬುದು ರಸ್ತೆಗಿಳಿದವರಿಗೆ ಅರ್ಥವಾಯಿತು. ಆ ಜಗಳ ನಕ್ಷೆಯ ಮೇಲೇ ಆಗಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು.

ದುಡ್ಡಿನ ವಿಷಯ. ಬಾಡಿಗೆದಾರನಿಗೆ ಏನೂ ಇಲ್ಲ ಎಂಬುದು ತಪ್ಪು, ಆದರೆ ಯಾವ ದಾರಿಯಲ್ಲಿ ಜಾಗ ಹೋಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. 2013ರ ಕಾಯ್ದೆಯಡಿ ಸ್ವಾಧೀನವಾದರೆ, ಅಲ್ಲಿ ಮೂರು ವರ್ಷದಿಂದ ಮುಖ್ಯ ಜೀವನೋಪಾಯ ನಡೆಸುತ್ತಿದ್ದ ಕುಟುಂಬವೂ ‘ಬಾಧಿತ ಕುಟುಂಬ’. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ನೀವೂ ಆಕ್ಷೇಪಣೆ ಸಲ್ಲಿಸಬಹುದು. ವ್ಯಾಪಾರದ ಜಾಗ ಬದಲಿಸುವ ಖರ್ಚು, ಗಳಿಕೆಗೆ ಬಿದ್ದ ಹೊಡೆತ ಕೇಳಬಹುದು. ಸಣ್ಣ ವ್ಯಾಪಾರಿಗೆ ಕನಿಷ್ಠ 25 ಸಾವಿರ ರೂಪಾಯಿಯ ಒಂದು ಬಾರಿಯ ನೆರವೂ ಇದೆ. ಪೇಟೆಯ ಅಡ್ವಾನ್ಸ್ ಮುಂದೆ ಅದು ಏನೂ ಅಲ್ಲ ಎಂಬುದೂ ನಿಜ. ಇದಕ್ಕೆ ಟ್ರೇಡ್ ಲೈಸೆನ್ಸ್, ಬಾಡಿಗೆ ರಸೀದಿ, ಕರೆಂಟ್ ಬಿಲ್, ಜಿಎಸ್‌ಟಿ ಕಾಗದ ಮೂರು ವರ್ಷದ್ದು ಜೋಡಿಸಿ. ರಸೀದಿ ಇಲ್ಲದೆ ಕೈಗೆ ಕೈ ಬಾಡಿಗೆ ಕೊಡುವ ಪದ್ಧತಿ ಇದ್ದರೆ ಈ ತಿಂಗಳಿಂದಲೇ ಬ್ಯಾಂಕ್ ಮೂಲಕ ಕೊಡಿ.

ಮಾಲೀಕರಿಗೆ ಅಲ್ಲಿ ಮಾರ್ಗಸೂಚಿ ದರ, ಅಕ್ಕಪಕ್ಕದ ಕ್ರಯಪತ್ರಗಳ ಸರಾಸರಿ, ಇವುಗಳಲ್ಲಿ ಹೆಚ್ಚಿನದು ಆಧಾರ. ಕಟ್ಟಡದ ಬೆಲೆ ಸೇರಿಸಿ, ಅದರ ಮೇಲೆ ಶೇ 100 ಸಾಂತ್ವನ ಮೊತ್ತ. ನಗರದಲ್ಲಿ 20 ಲಕ್ಷದ ಆಸ್ತಿಗೆ 40 ಲಕ್ಷ ಎನ್ನುವುದು ಈ ಲೆಕ್ಕದಿಂದ. ಮುದ್ರಾಂಕ ಉಳಿಸಲು ಬೀದಿಯವರೆಲ್ಲ ಕಡಿಮೆ ಬೆಲೆ ತೋರಿಸಿದ್ದರೆ ಆ ಸರಾಸರಿ ಈಗ ಅವರಿಗೇ ತಿರುಗಿ ಹೊಡೆಯುತ್ತದೆ.

ಇನ್ನೊಂದು ದಾರಿ ನೇರ ಖರೀದಿ, ಇಲ್ಲವೇ ಟಿಡಿಆರ್. ಟಿಡಿಆರ್ ಅಂದರೆ ನಗದಿನ ಬದಲು ಹೆಚ್ಚುವರಿ ಕಟ್ಟುವ ಹಕ್ಕಿನ ಪತ್ರ. ಅದನ್ನು ಕೊಳ್ಳುವ ಬಿಲ್ಡರುಗಳು ಇರುವ ಊರಲ್ಲಿ ಅದಕ್ಕೆ ಬೆಲೆ. ಐದು ಮಹಡಿ ಕಟ್ಟುವವರೇ ಅಪರೂಪವಾದ ಊರಲ್ಲಿ ಅದು ಬೀರುವಿನಲ್ಲಿ ಇಡುವ ಕಾಗದ. ಈ ಎರಡೂ ದಾರಿಯಲ್ಲಿ ಮಾತುಕತೆ ಮಾಲೀಕ ಮತ್ತು ಕಚೇರಿಯ ನಡುವೆ ಮಾತ್ರ, ಬಾಡಿಗೆದಾರ ಜಾರಿಹೋಗುವುದು ಇಲ್ಲೇ. ಒಪ್ಪಂದಕ್ಕೆ ಮೊದಲೇ ಮಾಲೀಕರೊಂದಿಗೆ ಕೂತು, ಉಳಿದ ಭಾಗದಲ್ಲಿ ಅದೇ ಬಾಡಿಗೆಯ ಅನುಪಾತದಲ್ಲಿ ಮುಂದುವರಿಯುವ ಬಗ್ಗೆ, ಅಡ್ವಾನ್ಸ್ ಬಗ್ಗೆ ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ.

ಅರ್ಧ ಕತ್ತರಿಸಿದ ಕಟ್ಟಡ ನಿಲ್ಲುತ್ತದೆಯೇ ಎಂಬುದನ್ನೂ ನೋಡಿ. 11 ಅಡಿ ಅಗಲದ ಹಳೇ ಅಂಗಡಿಯಲ್ಲಿ ತೊಲೆಗಳು ಸಾಮಾನ್ಯವಾಗಿ ಅಡ್ಡಕ್ಕೆ, ಪಕ್ಕದ ಅಂಗಡಿಯೊಂದಿಗಿನ ಜಂಟಿ ಗೋಡೆಯ ಮೇಲೆ ಕೂತಿರುತ್ತವೆ. ನಿಮ್ಮದನ್ನು ಮಾತ್ರ ಜೆಸಿಬಿಯಿಂದ ಎಳೆದರೆ ಪಕ್ಕದವರ ತೊಲೆಯೂ ಸಡಿಲವಾಗುತ್ತದೆ. ಗುರುತಿನ ಹಿಂದೆ ಮೊದಲು ಕಂಬ, ಬೀಮು ನಿಲ್ಲಿಸಿ, ಚಾವಣಿಗೆ ಆಸರೆ ಕೊಟ್ಟು, ಆಮೇಲೆ ಗೆರೆಯ ಮೇಲೆ ಯಂತ್ರದಿಂದ ಕೊಯ್ಯಬೇಕು. ಈ ಖರ್ಚನ್ನು ಎಂಜಿನಿಯರ್ ಅಂದಾಜಿನೊಂದಿಗೆ ಪರಿಹಾರದ ಬೇಡಿಕೆಯಲ್ಲಿ ಸೇರಿಸಿ. ಉಳಿದದ್ದು ಉಪಯೋಗಕ್ಕೆ ಬಾರದಿದ್ದರೆ ಪೂರ್ತಿ ಕಟ್ಟಡವನ್ನೇ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕು ಮಾಲೀಕರಿಗೆ ಅದೇ ಕಾಯ್ದೆಯ 94ನೇ ಕಲಮಿನಲ್ಲಿದೆ.

ಹೂವಿನ ಅಜ್ಜಿಗೆ ಬೇರೆಯೇ ಕಾನೂನು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ನಗರಸಭೆಯ ಸಮೀಕ್ಷೆಯಲ್ಲಿ ಅವರ ಹೆಸರಿದೆಯೇ, ಗುರುತಿನ ಚೀಟಿ, ಪ್ರಮಾಣಪತ್ರ ಇದೆಯೇ ನೋಡಿ. ಪ್ರಮಾಣಪತ್ರ ಇದ್ದವರನ್ನು 30 ದಿನದ ನೋಟಿಸಿಲ್ಲದೆ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಗೆ ಅವರ ಹೆಸರಲ್ಲೇ ಒಂದು ಅರ್ಜಿ ಬರೆದುಕೊಡಿ, ಅವರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

15 ದಿನದ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಂಡು ಯಾವ ಕಾಯ್ದೆಯ ಯಾವ ಕಲಮಿನಡಿ ಎಂದು ಹುಡುಕಿ. ಭೂಬಳಕೆ ಬದಲಾವಣೆಯದ್ದಾದರೆ 1961ರ ಯೋಜನಾ ಕಾಯ್ದೆಯ 14-ಎ ಎಂದಿರುತ್ತದೆ, ಭೂಸ್ವಾಧೀನದ್ದಾದರೆ ಗಡುವು 60 ದಿನ. ಯಾವ ಕಲಮೂ ಇಲ್ಲದಿದ್ದರೆ ಅದು ಬರಿ ಅಭಿಪ್ರಾಯ ಸಂಗ್ರಹ. ಆದರೂ ಗಡುವಿನೊಳಗೆ ಕೊಡಿ. ಟೆಂಡರ್ ಆಗುವ ಮುಂಚೆ ನಕ್ಷೆ ತಿದ್ದುವುದು ಸುಲಭ, ಆದಮೇಲೆ ಪ್ರತಿ ಬದಲಾವಣೆಗೂ ಗುತ್ತಿಗೆದಾರನ ಬಿಲ್ಲು ಬೆಳೆಯುತ್ತದೆ. ಎರಡು ಪುಟ ಸಾಕು: ನೀವು ಯಾರು, ಅಳತೆ ಏನು, ಎಣಿಕೆ ಏನು, ಪರ್ಯಾಯ ಏನು, ‘ಖುದ್ದು ವಿಚಾರಣೆಗೆ ಅವಕಾಶ ಕೊಡಬೇಕು’ ಎಂಬ ಒಂದು ಸಾಲು. ಇನ್‌ವರ್ಡ್ ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಕ್ರಮಸಂಖ್ಯೆ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡ್ತೀವಿ’ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಜತೆಗೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ‘ಏಕೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆಯ ಪ್ರತಿ ಕೇಳಿ. ಒಂದರಲ್ಲಿ ಡಿಪಿಆರ್ (ಯೋಜನೆಯ ವಿಸ್ತೃತ ವರದಿ) ಮತ್ತು ಅದರೊಳಗಿನ ಸಂಚಾರ ಎಣಿಕೆಯ ಹಾಳೆಗಳು, ಇನ್ನೊಂದರಲ್ಲಿ ಅಡ್ಡಸೀಳು ನಕ್ಷೆ ಮತ್ತು ಬೇಕಾಗುವ ಆಸ್ತಿಗಳ ಪಟ್ಟಿ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಆಕ್ಷೇಪಣೆಯಲ್ಲಿ ‘ದಾಖಲೆ ಸಿಕ್ಕ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುವ ಹಕ್ಕು ಕಾದಿರಿಸಿದೆ’ ಎಂದು ಸೇರಿಸಿ.

‘ಬೇಡವೇ ಬೇಡ’ ಎಂದು ಪಟ್ಟು ಹಿಡಿಯುವುದು ಒಂದು ದಾರಿ. ಅದರ ಅಪಾಯವೆಂದರೆ ಯೋಜನೆ ಆದೇ ಆದರೆ ನಕ್ಷೆ ತಿದ್ದುವ ಮಾತುಕತೆಯಲ್ಲಿ ನೀವು ಇರುವುದಿಲ್ಲ. ಏಕಮುಖ ಸಂಚಾರವನ್ನು ಮೂರು ತಿಂಗಳು ಪ್ರಾಯೋಗಿಕವಾಗಿ ಮಾಡಿ ನೋಡಿ ಎಂದು ಜಿಲ್ಲಾಧಿಕಾರಿಗೂ ಪೊಲೀಸರಿಗೂ ಕೊಡುವ ಪರ್ಯಾಯ ನನಗೆ ಹೆಚ್ಚು ಹಿಡಿಸುತ್ತದೆ. ಮೊದಲ ಎರಡು ವಾರ ಗಿರಾಕಿ ಗೊಂದಲವಾಗಿ ವ್ಯಾಪಾರ ಇಳಿಯಬಹುದು, ಅದಕ್ಕೆ ದಸರಾ–ದೀಪಾವಳಿ ಬಿಟ್ಟು ಕೇಳಿ. ಕೋರ್ಟು ಕೊನೆಯ ದಾರಿ. ಬರಿ ಕೆಂಪು ಗುರುತಿಗೇ ಓಡಿದರೆ ಅರ್ಜಿ ಕಾಲಪೂರ್ವ ಎನ್ನಿಸಿಕೊಳ್ಳಬಹುದು, ಒಡೆದ ಮೇಲೆ ಹೋದರೆ ಪರಿಹಾರ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ನೋಟಿಸ್ ಕೈಗೆ ಬಂದ ದಿನವೇ ವಕೀಲರ ಬಳಿ ಹೋಗುವುದು ಸರಿಯಾದ ಹೊತ್ತು.

ಶಟರ್ ಹಾಕಿಸಿ. ವ್ಯಾಪಾರ ನಿಲ್ಲಿಸಿ ಕಾಯುವಷ್ಟು ಬೇಗ ಇಂಥ ಕೆಲಸ ಶುರುವಾಗುವುದಿಲ್ಲ. ಆದರೆ ಚೌಕಟ್ಟನ್ನು ಗೋಡೆಗೆ ಸಿಮೆಂಟಿನಲ್ಲಿ ಹೂಳದೆ ಬೋಲ್ಟು ಹಾಕಿ ಕೂರಿಸಲು ಹೇಳಿ. ನಾಳೆ ಬಿಚ್ಚಿ 13 ಅಡಿ ಹಿಂದಕ್ಕೆ ಕೂರಿಸಬಹುದು. ಅಗಲ ಹೇಗೂ ಅದೇ 11 ಅಡಿ. ಮುಂಭಾಗದ ನೆಲಕ್ಕೆ ಗ್ರಾನೈಟ್ ಮಾತ್ರ ಈಗ ಬೇಡ. ಬಿಲ್ಲು ನಿಮ್ಮ ಹೆಸರಲ್ಲೇ ಇರಲಿ.